ಫಾಸ್ಟ್‌ಫುಡ್ ಸರಣಿಗಳ ಜಾಲತಾಣಗಳನ್ನು ಹಾಸನದಲ್ಲಿ ಕುಳಿತು ಹೋಲಿಸುವ ಬಗೆ

ಬಿಸಿಎ, ಬಿಬಿಎ ಮತ್ತು ಎಂಜಿನಿಯರಿಂಗ್ ವಿದ್ಯಾರ್ಥಿಗಳು ಪ್ರಾಜೆಕ್ಟ್‌ಗಾಗಿ ಆರಿಸಿಕೊಳ್ಳುವ ವಿಷಯಗಳಲ್ಲಿ ಪಿಜ್ಜಾ, ಬರ್ಗರ್ ಮಾರುವ ದೊಡ್ಡ ಸರಣಿಗಳ ಜಾಲತಾಣಗಳ ಹೋಲಿಕೆಯೂ ಒಂದು. ತಾಣಗಳು ಎಲ್ಲರಿಗೂ ತೆರೆದಿರುತ್ತವೆ, ಯಾರ ಅನುಮತಿಯೂ ಬೇಕಿಲ್ಲ, ಖರ್ಚೂ ಇಲ್ಲ. ಹಾಗಾಗಿ ವಿಷಯ ಸುಲಭವೆಂದು ತೋರುತ್ತದೆ. ಆದರೆ ಇಂಥ ವರದಿಗಳಲ್ಲಿ ಹಲವು ಮುಖಪುಟದ ಬಣ್ಣ ಮತ್ತು ಚಿತ್ರಗಳ ಅಂದವನ್ನು ವರ್ಣಿಸಿ, ‘ಆಕರ್ಷಕವಾಗಿದೆ’, ‘ಸರಳವಾಗಿದೆ’ ಎಂಬ ಮಾತುಗಳಲ್ಲೇ ಮುಗಿದುಹೋಗುತ್ತವೆ. ತಾಣಕ್ಕೆ ಬರುವವರಿಗೆ ತಿಳಿಯಬೇಕಾದ ಸಂಗತಿಗಳೇ ಬೇರೆ: ನಮ್ಮ ಮನೆಗೆ ತಂದುಕೊಡುತ್ತಾರೆಯೇ, ನಾವು ತಿನ್ನಬಹುದಾದದ್ದು ಏನಿದೆ, ಕೊನೆಗೆ ಎಷ್ಟು ಹಣ ಕೊಡಬೇಕು, ಯಾವಾಗ ಬರುತ್ತದೆ. ಈ ನಾಲ್ಕಕ್ಕೆ ಯಾವ ತಾಣ ಎಷ್ಟು ಬೇಗ ಮತ್ತು ಎಷ್ಟು ನೇರವಾಗಿ ಉತ್ತರ ಕೊಡುತ್ತದೆ ಎಂಬುದನ್ನು ಅಳೆಯುವುದೇ ಹೋಲಿಕೆ.

ಈ ಕೆಲಸಕ್ಕೆ ಹಾಸನ, ಚಿಕ್ಕಮಗಳೂರಿನಂಥ ಊರುಗಳು ಬೆಂಗಳೂರಿಗಿಂತ ಮೇಲು ಎಂಬುದು ನನ್ನ ಅಭಿಪ್ರಾಯ. ಮಹಾನಗರದ ಗ್ರಾಹಕರನ್ನು ಮನಸ್ಸಿನಲ್ಲಿಟ್ಟುಕೊಂಡು ಕಟ್ಟಿದ ತಾಣ ಮಹಾನಗರದಲ್ಲಿ ತಡೆಯಿಲ್ಲದೆ ನಡೆಯುತ್ತದೆ. ಅಲ್ಲಿ ಹತ್ತಿರದಲ್ಲೇ ಮಳಿಗೆ ಇರುತ್ತದೆ, ಮನೆಗೆ ನಂಬರ್ ಇರುತ್ತದೆ, ನೆಟ್‌ವರ್ಕ್ ಕೈಕೊಡುವುದು ಅಪರೂಪ. ಊರಿಗೆ ಒಂದೇ ಮಳಿಗೆ ಇದ್ದಾಗ, ವಿಳಾಸವೆಂದರೆ ‘ಹಳೇ ರೈಸ್ ಮಿಲ್ ಹಿಂದೆ’ ಎಂದು ಹೇಳಬೇಕಾದಾಗ, ಮಳೆ ಜೋರಾದ ಸಂಜೆ ಸಿಗ್ನಲ್ ಒಂದೇ ಗೆರೆಗೆ ಇಳಿದಾಗ ಅದೇ ತಾಣ ಹೇಗೆ ನಡೆದುಕೊಳ್ಳುತ್ತದೆ ಎಂಬುದರಲ್ಲಿ ವಿನ್ಯಾಸಕಾರರ ಎಚ್ಚರ ಅಥವಾ ಅಜಾಗರೂಕತೆ ಬಯಲಾಗುತ್ತದೆ.

ಯಾವ ತಾಣಗಳನ್ನು ಆರಿಸಬೇಕು

ಮೂರು ಅಥವಾ ನಾಲ್ಕು ತಾಣಗಳು ಸಾಕು. ಒಂದೇ ಬಗೆಯ ಆಹಾರ ಮಾರುವವರನ್ನು ಒಟ್ಟಿಗೆ ಇಡಿ: ಡಾಮಿನೋಸ್ ಜೊತೆ ಪಿಜ್ಜಾ ಹಟ್, ಮ್ಯಾಕ್‌ಡೊನಾಲ್ಡ್ಸ್ ಜೊತೆ ಬರ್ಗರ್ ಕಿಂಗ್. ಪಿಜ್ಜಾ ತಾಣದಲ್ಲಿ ಗಾತ್ರ, ತಳ, ಟಾಪಿಂಗ್ ಎಂದು ಹಲವು ಆಯ್ಕೆಗಳನ್ನು ಒಂದೇ ತಿನಿಸಿಗಾಗಿ ಮಾಡಬೇಕಾಗುವುದರಿಂದ ಅಲ್ಲಿನ ವಿನ್ಯಾಸದ ಕಷ್ಟವೇ ಬೇರೆ, ಬರ್ಗರ್ ತಾಣದ ಕಷ್ಟವೇ ಬೇರೆ. ಎರಡನ್ನೂ ಒಂದೇ ಅಳತೆಗೋಲಿನಿಂದ ಅಳೆದರೆ ಪಿಜ್ಜಾದವರಿಗೆ ಅನ್ಯಾಯವಾಗುತ್ತದೆ. ಕೆಎಫ್‌ಸಿ ಮತ್ತು ಪಿಜ್ಜಾ ಹಟ್ ಎರಡನ್ನೇ ಎದುರುಬದುರು ನಿಲ್ಲಿಸುವುದೂ ಅಷ್ಟು ಸೂಕ್ತವಲ್ಲ, ಏಕೆಂದರೆ ಭಾರತದಲ್ಲಿ ಎರಡರ ಮಳಿಗೆಗಳನ್ನೂ ನಡೆಸುತ್ತ ಬಂದಿರುವುದು ದೇವಯಾನಿ ಇಂಟರ್‌ನ್ಯಾಷನಲ್ ಮತ್ತು ಸಫೈರ್ ಫುಡ್ಸ್ ಎಂಬ ಅವೇ ಕಂಪನಿಗಳು. ಪೈಪೋಟಿಯ ಹೋಲಿಕೆ ಬೇಕಿದ್ದರೆ ಜುಬಿಲಂಟ್ ಫುಡ್‌ವರ್ಕ್ಸ್ ನಡೆಸುವ ಡಾಮಿನೋಸ್ ಒಂದು ಕಡೆ ಇರಲಿ.

ತಾಣದ ವಿಳಾಸವನ್ನು ಸರಿಯಾಗಿ ಗುರುತಿಸಿಕೊಳ್ಳುವುದು ಕಾಣುವಷ್ಟು ಸುಲಭವಲ್ಲ. ಹೆಸರಿನ ಮುಂದೆ ‘ಡಾಟ್ ಕಾಮ್’ ಎಂದು ಟೈಪ್ ಮಾಡಿದರೆ ಅಮೆರಿಕದ ತಾಣ ತೆರೆದುಕೊಳ್ಳುವ ಸಂಭವವಿದೆ. ಮ್ಯಾಕ್‌ಡೊನಾಲ್ಡ್ಸ್ ವಿಷಯದಲ್ಲಿ ಇನ್ನೊಂದು ತೊಡಕಿದೆ: ದಕ್ಷಿಣ ಮತ್ತು ಪಶ್ಚಿಮ ಭಾರತದ ಮಳಿಗೆಗಳನ್ನು ವೆಸ್ಟ್‌ಲೈಫ್ ಫುಡ್‌ವರ್ಲ್ಡ್ ನೋಡಿಕೊಂಡರೆ, ಉತ್ತರ ಮತ್ತು ಪೂರ್ವ ಭಾರತದವನ್ನು ಕನಾಟ್ ಪ್ಲಾಜಾ ರೆಸ್ಟೊರೆಂಟ್ಸ್ ನೋಡಿಕೊಳ್ಳುತ್ತದೆ, ಮತ್ತು ಎರಡಕ್ಕೂ ಪ್ರತ್ಯೇಕ ತಾಣಗಳಿವೆ. ಹಾಸನದವರು ತಪ್ಪಿ ಉತ್ತರದ ತಾಣಕ್ಕೆ ಹೋದರೆ ಅದು ‘ನಿಮ್ಮ ಊರು ನಮ್ಮದಲ್ಲ, ಅತ್ತ ಹೋಗಿ’ ಎಂದು ದಾರಿ ತೋರುತ್ತದೆಯೇ ಎಂಬುದನ್ನು ಪರೀಕ್ಷೆಯ ಒಂದು ಅಂಶವಾಗಿಯೇ ಬರೆದುಕೊಳ್ಳಬಹುದು. ಕಂಪನಿಯ ಪರಿಚಯ ಹೇಳುವ ತಾಣ ಮತ್ತು ಆರ್ಡರ್ ಪಡೆಯುವ ತಾಣ ಬೇರೆ ಬೇರೆಯಾಗಿರುವ ಕಡೆ, ಮೊದಲನೆಯದರಿಂದ ಎರಡನೆಯದಕ್ಕೆ ದಾಟುವ ಬಟನ್ ಎಲ್ಲಿದೆ ಎಂಬುದನ್ನೂ ಗುರುತು ಹಾಕಿಕೊಳ್ಳಿ.

ಚಿಕ್ಕಮಗಳೂರಿನವರಿಗೆ ಕೆಫೆ ಕಾಫಿ ಡೇಯನ್ನು ಪಟ್ಟಿಯಲ್ಲಿ ಸೇರಿಸುವ ಆಸೆಯಾಗುವುದು ಸಹಜ. ಅದರ ಮೊದಲ ಕೆಫೆ 1996ರಲ್ಲಿ ಬೆಂಗಳೂರಿನ ಬ್ರಿಗೇಡ್ ರಸ್ತೆಯಲ್ಲಿ ತೆರೆದರೂ ಅದರ ಬೇರು ಇಲ್ಲಿನ ಕಾಫಿ ತೋಟಗಳಲ್ಲಿದೆ. ಆದರೆ ಕೆಫೆಯ ತಾಣಕ್ಕೆ ಬರುವವರಲ್ಲಿ ಅನೇಕರು ಕೂರುವ ಜಾಗ ಹುಡುಕಿ ಬರುತ್ತಾರೆ, ಮನೆಗೆ ಊಟ ತರಿಸಲು ಬಂದವರಲ್ಲ. ಅದನ್ನು ಪ್ರತ್ಯೇಕ ಟಿಪ್ಪಣಿಯಾಗಿ ಇಟ್ಟುಕೊಳ್ಳುವುದು ಒಳ್ಳೆಯದು. ಸ್ವಿಗ್ಗಿ, ಜೊಮ್ಯಾಟೊಗಳನ್ನು ಪಟ್ಟಿಗೆ ಸೇರಿಸಬೇಡಿ. ಅಲ್ಲಿ ಕಾಣುವುದು ಅವರ ವಿನ್ಯಾಸವೇ ಹೊರತು ಸರಣಿಯದಲ್ಲ.

ಪರೀಕ್ಷೆಯ ಏರ್ಪಾಡು

ಎಲ್ಲ ತಾಣಗಳನ್ನೂ ಒಂದೇ ಫೋನ್, ಒಂದೇ ಬ್ರೌಸರ್, ಒಂದೇ ನೆಟ್‌ವರ್ಕ್‌ನಲ್ಲಿ, ಒಂದೇ ದಿನ, ಹತ್ತಿರ ಹತ್ತಿರದ ಹೊತ್ತಿನಲ್ಲಿ ತೆರೆಯಬೇಕು. ದುಬಾರಿ ಫೋನಿನ ಬದಲು ಸಾಮಾನ್ಯ ಬೆಲೆಯ ಆಂಡ್ರಾಯ್ಡ್ ಫೋನ್ ಆರಿಸಿ. ಬ್ರೌಸರ್‌ನಲ್ಲಿ ಉಳಿದಿರುವ ಮಾಹಿತಿಯನ್ನು ಮೊದಲು ಅಳಿಸಿ ತೆರೆದರೆ ಹಿಂದಿನ ಲಾಗಿನ್, ಉಳಿಸಿದ ವಿಳಾಸ, ಹಳೆಯ ಕುಕಿಗಳ ನೆರವಿಲ್ಲದೆ ಹೊಸ ಗ್ರಾಹಕರಿಗೆ ಕಾಣುವ ಪುಟವೇ ನಿಮಗೂ ಕಾಣುತ್ತದೆ. ಕಂಪನಿಗಳು ಒಂದೇ ಪುಟದ ಎರಡು ರೂಪಗಳನ್ನು ಬೇರೆ ಬೇರೆ ಜನರಿಗೆ ತೋರಿಸಿ ಯಾವುದು ಹೆಚ್ಚು ಮಾರಾಟ ತರುತ್ತದೆ ಎಂದು ನೋಡುವ ರೂಢಿಯಿದೆ; ಆದ್ದರಿಂದ ಮುಖ್ಯವಾದ ಪುಟಗಳನ್ನು ಗೆಳೆಯರೊಬ್ಬರ ಫೋನಿನಲ್ಲೂ ತೆರೆದು ತಾಳೆ ನೋಡಿ. ಇಡೀ ಪರೀಕ್ಷೆಯನ್ನು ಸ್ಕ್ರೀನ್ ರೆಕಾರ್ಡಿಂಗ್ ಮಾಡಿಟ್ಟುಕೊಂಡರೆ ಆಮೇಲೆ ಎಷ್ಟು ಬಾರಿ ಒತ್ತಬೇಕಾಯಿತು, ಎಷ್ಟು ಸೆಕೆಂಡು ಕಾಯಬೇಕಾಯಿತು ಎಂದು ನಿಧಾನವಾಗಿ ಎಣಿಸಬಹುದು. ತಾಣ ತೆರೆದ ಕೂಡಲೇ ‘ಆ್ಯಪ್ ಹಾಕಿಕೊಳ್ಳಿ’ ಎಂಬ ಪರದೆ ಅಡ್ಡ ಬಂದರೆ, ಅದನ್ನು ಮುಚ್ಚುವ ಗುರುತು ಎಷ್ಟು ಚಿಕ್ಕದಾಗಿತ್ತು ಎಂಬುದನ್ನೂ ದಾಖಲಿಸಿ. ಆದರೆ ಆ್ಯಪ್ ಹಾಕಿಕೊಳ್ಳಬೇಡಿ. ನಮ್ಮ ಪರೀಕ್ಷೆ ಜಾಲತಾಣದ್ದು.

ಕೆಲಸಗಳನ್ನು ಬರೆದುಕೊಳ್ಳುವುದು

‘ಮೆನು ನೋಡು’, ‘ಕಾರ್ಟ್‌ಗೆ ಹಾಕು’ ಎಂದು ತಾಣದ ಬಟನ್‌ಗಳ ಹೆಸರನ್ನೇ ಕೆಲಸದ ಹೆಸರಾಗಿ ಬರೆದರೆ ಪರೀಕ್ಷೆ ಮಾಡುವವರಿಗೆ ಉತ್ತರ ಮೊದಲೇ ಸಿಕ್ಕಿಬಿಡುತ್ತದೆ. ಮನೆಯಲ್ಲಿ ಮಾತಾಡುವಂತೆ ಬರೆಯಿರಿ. ಉದಾಹರಣೆಗೆ: ಹಾಸನದ ವಿದ್ಯಾನಗರದ ಮನೆಯಲ್ಲಿ ನಾಲ್ವರಿದ್ದಾರೆ, ಇಬ್ಬರು ಮಾಂಸ ತಿನ್ನುವುದಿಲ್ಲ, ಅವರಲ್ಲಿ ಒಬ್ಬರು ಈರುಳ್ಳಿಯನ್ನೂ ಬಿಟ್ಟಿದ್ದಾರೆ, ಒಟ್ಟು ಖರ್ಚು 800 ರೂಪಾಯಿ ದಾಟಬಾರದು. ಇನ್ನೊಂದು: ಮುಳ್ಳಯ್ಯನಗಿರಿ ನೋಡಿಕೊಂಡು ರಾತ್ರಿ ಚಿಕ್ಕಮಗಳೂರಿಗೆ ಇಳಿಯುವವರು ಪಾರ್ಸಲ್ ಒಯ್ಯಬೇಕು, ಮಳಿಗೆ ಎಷ್ಟು ಗಂಟೆಯವರೆಗೆ ತೆರೆದಿರುತ್ತದೆ? ಮೂರನೆಯದು: ಮಗುವಿಗೆ ಕಡಲೆಕಾಯಿ ಆಗುವುದಿಲ್ಲ, ಯಾವುದನ್ನು ತಿನ್ನಿಸಬಾರದು? ನಾಲ್ಕನೆಯದು: ಕಾರ್ಟ್‌ಗೆ ಹಾಕಿದ ಮೇಲೆ ಒಬ್ಬರು ಬರುವುದಿಲ್ಲವೆಂದು ತಿಳಿಯಿತು, ಒಂದು ತಿನಿಸು ತೆಗೆಯಬೇಕು. ಐದನೆಯದಾಗಿ, ತಂದುಕೊಟ್ಟದ್ದು ತಣ್ಣಗಾಗಿತ್ತು ಎಂದು ದೂರು ಹೇಳಲು ಫೋನ್ ನಂಬರ್ ಹುಡುಕಬೇಕು. ಈ ಕೊನೆಯ ಕೆಲಸವನ್ನು ಅನೇಕರು ಮರೆಯುತ್ತಾರೆ. ಮಾರುವಾಗ ಹತ್ತು ಕಡೆ ಬಟನ್ ಇಡುವವರು ದೂರಿನ ನಂಬರನ್ನು ಎಲ್ಲಿ ಇಡುತ್ತಾರೆ ಎಂದು ನೋಡಿದರೆ ಬಹಳಷ್ಟು ತಿಳಿಯುತ್ತದೆ.

ವಿಳಾಸದ ಪರೀಕ್ಷೆ

ನಮ್ಮ ಊರುಗಳಲ್ಲಿ ತಾಣಗಳು ಹೆಚ್ಚು ಎಡವುವುದು ಇಲ್ಲಿ. ಹಾಗಾಗಿ ಇದಕ್ಕೆ ಉಳಿದೆಲ್ಲಕ್ಕಿಂತ ಹೆಚ್ಚು ಸಮಯ ಕೊಡಿ.

ಮೊದಲು ಲೊಕೇಶನ್ ಅನುಮತಿಯನ್ನು ನಿರಾಕರಿಸಿ. ಅನುಮತಿ ಇಲ್ಲದಾಗ ಕೆಲವು ತಾಣಗಳು ಇಂಟರ್ನೆಟ್ ಸಂಪರ್ಕದ ವಿಳಾಸದ ಆಧಾರದಲ್ಲಿ ಊರನ್ನು ಊಹಿಸುತ್ತವೆ. ಮೊಬೈಲ್ ಕಂಪನಿಯ ಜಾಲ ಹೊರಜಗತ್ತಿಗೆ ಕೂಡಿಕೊಳ್ಳುವ ಕೇಂದ್ರ ದೊಡ್ಡ ನಗರದಲ್ಲಿ ಇರುವುದರಿಂದ ಹಾಸನದಲ್ಲಿ ಕುಳಿತವರನ್ನೂ ಬೆಂಗಳೂರಿನವರೆಂದೋ ಚೆನ್ನೈನವರೆಂದೋ ತಿಳಿಯುವುದುಂಟು. ಹಾಗೆ ತಿಳಿದದ್ದು ತಪ್ಪೇನಲ್ಲ. ಊಹೆಯನ್ನು ಊಹೆಯೆಂದು ಹೇಳದೆ ಬೆಂಗಳೂರಿನ ಮಳಿಗೆಯ ಮೆನು ಮತ್ತು ಬೆಲೆಗಳನ್ನು ತೋರಿಸಿ, ಕೊನೆಯ ಹಂತದಲ್ಲಿ ‘ಈ ವಿಳಾಸಕ್ಕೆ ಸೇವೆ ಇಲ್ಲ’ ಎಂದರೆ ಅದು ಗಂಭೀರ ದೋಷ. ಪಿನ್‌ಕೋಡನ್ನು ಆರಂಭದಲ್ಲೇ ಕೇಳುವ ತಾಣ ಒಂದು ಹೆಜ್ಜೆ ಹೆಚ್ಚು ನಡೆಸಿದರೂ ಇಂಥ ಊರಿನವರ ಸಮಯ ಉಳಿಸುತ್ತದೆ.

ಎರಡನೆಯದಾಗಿ ಪಿನ್‌ಕೋಡ್ ಹಾಕಿ: ಹಾಸನಕ್ಕೆ 573201, ಚಿಕ್ಕಮಗಳೂರಿಗೆ 577101. ಆಮೇಲೆ ಊರಿನ ಹೆಸರನ್ನು ಟೈಪ್ ಮಾಡಿ. ಚಿಕ್ಕಮಗಳೂರು ಈ ಪರೀಕ್ಷೆಗೆ ಹೇಳಿಮಾಡಿಸಿದ ಊರು. 2014ರ ನವೆಂಬರ್ 1ರಿಂದ ಇಂಗ್ಲಿಷ್‌ನಲ್ಲೂ ಕನ್ನಡದ ಉಚ್ಚಾರದಂತೆ ಬರೆಯುವುದು ಅಧಿಕೃತವಾಯಿತು. ಆದರೆ ಹಳೆಯ ಕಾಗುಣಿತಗಳು ಇನ್ನೂ ಬಳಕೆಯಲ್ಲಿವೆ. ಹೊಸದು, ಹಳೆಯದು, ಹಳೆಯದರಲ್ಲೇ ಒಂದಕ್ಷರ ಹೆಚ್ಚು ಇರುವುದು, ಕೊನೆಗೆ ಕನ್ನಡ ಲಿಪಿಯಲ್ಲಿ, ಹೀಗೆ ನಾಲ್ಕು ರೂಪಗಳನ್ನೂ ಹುಡುಕಾಟದ ಪೆಟ್ಟಿಗೆಯಲ್ಲಿ ಹಾಕಿ. ನಾಲ್ಕಕ್ಕೂ ಅದೇ ಉತ್ತರ ಕೊಡುವ ತಾಣಕ್ಕೆ ಪೂರ್ಣ ಅಂಕ ಕೊಡಿ. ಎರಡು ಅಕ್ಷರ ಹಾಕುವಷ್ಟರಲ್ಲೇ ಸಲಹೆಗಳ ಪಟ್ಟಿ ಇಳಿದು, ಅದರಲ್ಲಿ ಊರಿನ ಹೆಸರು ಕಂಡರೆ ಕಾಗುಣಿತದ ತೊಂದರೆಯೇ ಇರುವುದಿಲ್ಲ.

ಮೂರನೆಯ ಪರೀಕ್ಷೆ ಮನೆಯ ವಿಳಾಸದ್ದು. ಫ್ಲ್ಯಾಟ್ ನಂಬರ್, ಮಹಡಿ, ಟವರ್ ಎಂಬ ಖಾನೆಗಳು ಕಡ್ಡಾಯವಾಗಿರುವ ಕಡೆ ನಮ್ಮ ಜನ ಚುಕ್ಕೆಯನ್ನೋ ಸೊನ್ನೆಯನ್ನೋ ಹಾಕಿ ಮುಂದೆ ಸಾಗುತ್ತಾರೆ, ತಂದುಕೊಡುವ ಹುಡುಗ ಕೊನೆಗೆ ಫೋನ್ ಮಾಡಿ ದಾರಿ ಕೇಳುತ್ತಾನೆ. ಹತ್ತಿರದ ಗುರುತು ಬರೆಯಲು ಖಾನೆ ಇದೆಯೇ, ಅದು ಎಷ್ಟು ಅಕ್ಷರ ಹಿಡಿಸುತ್ತದೆ, ನಕ್ಷೆಯ ಮೇಲಿನ ಸೂಜಿಯನ್ನು ಬೆರಳಿನಿಂದ ಸರಿಸಬಹುದೇ ಎಂದು ನೋಡಿ. ಪಿಜ್ಜಾ ಹಟ್ 1994ರಲ್ಲಿ ಕ್ಯಾಲಿಫೋರ್ನಿಯಾದ ಸಾಂತಾ ಕ್ರೂಜ್‌ನಲ್ಲಿ ಪಿಜ್ಜಾನೆಟ್ ಎಂಬ ಆರ್ಡರ್ ಪುಟ ಆರಂಭಿಸಿದಾಗ ಅದು ಮೊದಲಿಗೆ ಕೇಳುತ್ತಿದ್ದದ್ದು ಹೆಸರು, ಬೀದಿಯ ವಿಳಾಸ, ಫೋನ್ ನಂಬರ್ ಮಾತ್ರ. ಇಂದಿನ ತಾಣಗಳು ಇವಕ್ಕಿಂತ ಹೆಚ್ಚಾಗಿ ಏನೇನು ಕೇಳುತ್ತವೆ, ಅದರಲ್ಲಿ ಊಟ ತಲುಪಿಸಲು ನಿಜವಾಗಿ ಬೇಕಾದದ್ದು ಎಷ್ಟು ಎಂಬ ಪಟ್ಟಿ ಮಾಡಿದರೆ ವರದಿಗೆ ಒಂದು ಒಳ್ಳೆಯ ಪುಟ ಸಿಗುತ್ತದೆ.

ಕೊನೆಗೆ ಸೇವೆ ಸಿಗಲಾರದೆಂದು ನಿಮಗೆ ಗೊತ್ತಿರುವ ಜಾಗವೊಂದನ್ನು ಹಾಕಿ. ಆಲ್ದೂರಿನ ಕಡೆಯ ತೋಟದ ಮನೆಯೋ, ಸಕಲೇಶಪುರ ದಾಟಿದ ಮೇಲಿನ ಹಳ್ಳಿಯೋ ಆಗಬಹುದು. ‘ಕ್ಷಮಿಸಿ’ ಎಂದಷ್ಟೇ ಹೇಳಿ ಖಾಲಿ ಪುಟ ತೋರುವ ತಾಣಕ್ಕೂ, ‘ನಿಮಗೆ ಹತ್ತಿರದ ಮಳಿಗೆ ಇದು, ಇಷ್ಟು ದೂರ, ಬಂದು ಒಯ್ಯಬಹುದು’ ಎಂದು ಹೇಳುವ ತಾಣಕ್ಕೂ ಬಹಳ ವ್ಯತ್ಯಾಸವಿದೆ. ನಿರಾಕರಣೆಯ ಪುಟವನ್ನು ಯಾವ ಕಂಪನಿಯೂ ಜಾಹೀರಾತಿನಲ್ಲಿ ತೋರಿಸುವುದಿಲ್ಲ. ಆದ್ದರಿಂದಲೇ ಅದರ ಸ್ಕ್ರೀನ್‌ಶಾಟ್ ತಪ್ಪದೆ ತೆಗೆದಿಟ್ಟುಕೊಳ್ಳಿ.

ಮೆನುವಿನಲ್ಲಿ ನೋಡಬೇಕಾದದ್ದು

ಸಸ್ಯಾಹಾರದ ಗುರುತು ಹಸಿರು ಚೌಕದೊಳಗಿನ ಹಸಿರು ವೃತ್ತ. ಮಾಂಸಾಹಾರಕ್ಕೆ ಈಗಿನ ನಿಯಮದಂತೆ ಕಂದು ಚೌಕದೊಳಗೆ ಕಂದು ತ್ರಿಕೋನ. ಹಿಂದೆ ಎರಡಕ್ಕೂ ವೃತ್ತವೇ ಇದ್ದು ಬಣ್ಣ ಮಾತ್ರ ಬೇರೆಯಿತ್ತು. ಕೆಂಪು-ಹಸಿರು ಬಣ್ಣಗಳ ಭೇದ ಕಾಣದವರಿಗೆ ಅದು ಕಷ್ಟವಾಗಿತ್ತು. ತಾಣದ ಚಿತ್ರಗಳಲ್ಲಿ ಹೊಸ ಗುರುತು ಬಂದಿದೆಯೇ, ಚಿಕ್ಕ ಪರದೆಯಲ್ಲಿ ತ್ರಿಕೋನ ತ್ರಿಕೋನವಾಗಿಯೇ ಕಾಣುತ್ತದೆಯೇ ಎಂದು ನೋಡಿ. ಸಸ್ಯಾಹಾರ ಮಾತ್ರ ತೋರಿಸುವ ಗುಂಡಿಯನ್ನು ಒಮ್ಮೆ ಒತ್ತಿದ ಮೇಲೆ ಬೇರೆ ವಿಭಾಗಕ್ಕೆ ಹೋದರೂ ಆ ಆಯ್ಕೆ ಉಳಿಯಬೇಕು. ಕಾಂಬೊಗಳ ಪುಟದಲ್ಲಿ ಅದು ಅಳಿಸಿಹೋಗುವುದು ನಾನು ಕಂಡಿರುವ ಸಾಮಾನ್ಯ ದೋಷ.

ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರದ 2020ರ ಲೇಬಲಿಂಗ್ ಮತ್ತು ಪ್ರದರ್ಶನ ನಿಯಮಗಳ ಪ್ರಕಾರ, ಕೇಂದ್ರ ಪರವಾನಗಿ ಇರುವ ಅಥವಾ 10ಕ್ಕಿಂತ ಕಡಿಮೆಯಿಲ್ಲದಷ್ಟು ಕಡೆ ಮಳಿಗೆಗಳಿರುವ ಆಹಾರ ಸೇವಾ ಸಂಸ್ಥೆಗಳು ಮೆನುವಿನಲ್ಲಿ ಪ್ರತಿ ತಿನಿಸಿನ ಎದುರು ಒಂದು ಬಾರಿಯ ಪ್ರಮಾಣ ಮತ್ತು ಅದರ ಕಿಲೊಕ್ಯಾಲೊರಿಯನ್ನು ತೋರಿಸಬೇಕು. ಚಟುವಟಿಕೆಯಿಂದಿರುವ ಸರಾಸರಿ ವಯಸ್ಕರಿಗೆ ದಿನಕ್ಕೆ 2,000 ಕಿಲೊಕ್ಯಾಲೊರಿ ಬೇಕು ಎಂಬ ಮಾತೂ ಇರಬೇಕು. ಅಲರ್ಜಿ ತರುವ ಪದಾರ್ಥಗಳ ವಿವರವನ್ನೂ ಕೊಡಬೇಕು. ದೊಡ್ಡ ಸರಣಿಗಳೆಲ್ಲ ಈ ನಿಯಮದ ವ್ಯಾಪ್ತಿಗೆ ಬರುತ್ತವೆ. ಹೋಲಿಕೆಯಲ್ಲಿ ಕೇಳಬೇಕಾದ ಪ್ರಶ್ನೆ, ಮಾಹಿತಿ ಎಲ್ಲಿದೆ ಎಂಬುದು: ತಿನಿಸಿನ ಹೆಸರಿನ ಪಕ್ಕದಲ್ಲೇ ಇದೆಯೇ, ಒಂದು ಬಾರಿ ಒತ್ತಿದರೆ ತೆರೆಯುತ್ತದೆಯೇ, ಅಥವಾ ಪುಟದ ಅಡಿಯಲ್ಲಿ ಸಣ್ಣ ಅಕ್ಷರದ ಕೊಂಡಿಯ ಹಿಂದೆ ಹಲವು ಪುಟಗಳ ಪಿಡಿಎಫ್‌ನಲ್ಲಿದೆಯೇ. ಕಡಲೆಕಾಯಿ ಆಗದ ಮಗುವಿನ ತಾಯಿ ಫೋನಿನಲ್ಲಿ ಪಿಡಿಎಫ್ ಹಿಗ್ಗಿಸಿ ಓದಬೇಕಾಗಿ ಬಂದರೆ ಆ ತಾಣ ನಿಯಮವನ್ನು ಪಾಲಿಸಿದ್ದರೂ ಬಳಕೆಯಲ್ಲಿ ಸೋತಂತೆಯೇ.

ಬೆಲೆ: ಮೊದಲು ಕಂಡದ್ದು, ಕೊನೆಗೆ ಕೊಡುವುದು

ದರ್ಶಿನಿಯಲ್ಲಿ ಕ್ಯಾಷ್ ಕೌಂಟರ್‌ನ ಮೇಲೆ ದರಪಟ್ಟಿ ತೂಗುಹಾಕಿರುತ್ತಾರೆ. ಕಂಡ ದರವನ್ನೇ ಕೊಟ್ಟು ಟೋಕನ್ ಪಡೆಯುತ್ತೇವೆ. ಜಾಲತಾಣವನ್ನೂ ಈ ದೃಷ್ಟಿಯಿಂದಲೇ ನೋಡಬೇಕು. ಮುಖಪುಟದಲ್ಲಿ ದೊಡ್ಡ ಅಕ್ಷರದಲ್ಲಿ ಕಂಡ ಬೆಲೆ, ಕಾರ್ಟ್‌ಗೆ ಹಾಕಿದಾಗಿನ ಬೆಲೆ, ಹಣ ಕಟ್ಟುವ ಪುಟದ ಬೆಲೆ, ಈ ಮೂರನ್ನೂ ಪಕ್ಕಪಕ್ಕದಲ್ಲಿ ಬರೆಯಿರಿ. ವ್ಯತ್ಯಾಸದಲ್ಲಿ ಎಷ್ಟು ಭಾಗ ತೆರಿಗೆ, ಎಷ್ಟು ಪ್ಯಾಕಿಂಗ್, ಎಷ್ಟು ಡೆಲಿವರಿ ಎಂದು ಬಿಡಿಸಿ. ರೆಸ್ಟೊರೆಂಟ್ ಆಹಾರದ ಮೇಲಿನ ಜಿಎಸ್‌ಟಿ ಸಾಮಾನ್ಯವಾಗಿ ಶೇ. 5, ಅದಕ್ಕಿಂತ ಹೆಚ್ಚು ಅಂತರ ಕಂಡರೆ ಉಳಿದದ್ದು ಬೇರೆ ಬೇರೆ ಶುಲ್ಕಗಳದ್ದು. ಶುಲ್ಕ ಪಡೆಯುವುದರಲ್ಲಿ ತಪ್ಪಿಲ್ಲ. ಅದನ್ನು ಯಾವ ಹಂತದಲ್ಲಿ ಹೇಳುತ್ತಾರೆ ಎಂಬುದರಲ್ಲಿ ವಿನ್ಯಾಸದ ನೀತಿ ಇದೆ.

ಈ ಬಗೆಯ ಕಣ್ಕಟ್ಟುಗಳಿಗೆ ಭಾರತದಲ್ಲಿ ಈಗ ಕಾನೂನಿನ ಹೆಸರುಗಳಿವೆ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರ್ 30ರಂದು ‘ಡಾರ್ಕ್ ಪ್ಯಾಟರ್ನ್’ಗಳನ್ನು, ಅಂದರೆ ಗ್ರಾಹಕರನ್ನು ದಾರಿ ತಪ್ಪಿಸುವ ವಿನ್ಯಾಸಗಳನ್ನು, ತಡೆಯುವ ಮಾರ್ಗಸೂಚಿಗಳನ್ನು ಹೊರಡಿಸಿ 13 ಬಗೆಗಳನ್ನು ಪಟ್ಟಿ ಮಾಡಿತು. ಅವುಗಳಲ್ಲಿ ಫಾಸ್ಟ್‌ಫುಡ್ ತಾಣಗಳಲ್ಲಿ ಹುಡುಕಬೇಕಾದವು ಕೆಲವೇ. ಕೇಳದೆ ಕಾರ್ಟ್‌ಗೆ ಏನನ್ನಾದರೂ ಸೇರಿಸುವುದು ಒಂದು. ದಾನದ ಹೆಸರಿನ ಒಂದೆರಡು ರೂಪಾಯಿಗೆ ಮೊದಲೇ ಗುರುತು ಹಾಕಿಟ್ಟಿರುವುದೂ ಇದರೊಳಗೇ ಬರುತ್ತದೆ. ಬೆಲೆಯನ್ನು ಹನಿಹನಿಯಾಗಿ ಏರಿಸುತ್ತಾ ಹೋಗುವುದು ಇನ್ನೊಂದು. ಕೊಡುಗೆ ದಿನವೂ ಇರುವಾಗ ‘ಇನ್ನು ಐದೇ ನಿಮಿಷ’ ಎಂದು ಗಡಿಯಾರ ಓಡಿಸುವುದು ಮತ್ತೊಂದು. ‘ಬೇಡ, ನನಗೆ ಉಳಿತಾಯ ಬೇಕಿಲ್ಲ’ ಎಂದು ಗ್ರಾಹಕರ ಬಾಯಿಂದಲೇ ಹೇಳಿಸಿ ನಾಚಿಸುವ ಬಟನ್ ಕೂಡ ಪಟ್ಟಿಯಲ್ಲಿದೆ. ಗಡಿಯಾರ ನಿಜವೋ ನಟನೆಯೋ ಎಂದು ತಿಳಿಯುವುದು ಸುಲಭ: ಅದು ಮುಗಿಯುವವರೆಗೆ ಕಾದು ಪುಟವನ್ನು ಮತ್ತೆ ತೆರೆಯಿರಿ. ಇಂಥದ್ದು ಕಂಡರೆ ಸ್ಕ್ರೀನ್‌ಶಾಟ್ ಸಹಿತ ದಾಖಲಿಸಿ. ಹಣ ಕಳೆದುಕೊಂಡ ಗ್ರಾಹಕರು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು.

ಪಿಜ್ಜಾ ತಾಣಗಳಲ್ಲಿ ಮೊದಲೇ ಆಯ್ಕೆಯಾಗಿ ಬರುವ ಗಾತ್ರ ಯಾವುದು ಎಂದು ನೋಡಿ. ತಳವನ್ನು ಬದಲಿಸಿದಾಗ ಬೆಲೆ ಅಲ್ಲೇ, ಅದೇ ಪರದೆಯಲ್ಲಿ ಬದಲಾಗಿ ಕಾಣಬೇಕು. ಇನ್ನು ಫೋನ್ ನಂಬರ್ ಮತ್ತು ಓಟಿಪಿ: ಕೆಲವು ತಾಣಗಳು ಅದನ್ನು ಆರ್ಡರ್ ಖಚಿತಪಡಿಸುವಾಗ ಕೇಳಿದರೆ, ಮತ್ತೆ ಕೆಲವು ಮೆನು ತೋರಿಸುವ ಮೊದಲೇ ಕೇಳುತ್ತವೆ. ದರ ತಿಳಿಯಲು ಬಂದವರ ನಂಬರ್ ಪಡೆದು ಆಮೇಲೆ ಜಾಹೀರಾತು ಸಂದೇಶ ಕಳಿಸುವ ಉದ್ದೇಶ ಇದರ ಹಿಂದೆ ಇರಬಹುದಾದ್ದರಿಂದ ಸಮ್ಮತಿಯ ಚೌಕದಲ್ಲಿ ಮೊದಲೇ ಗುರುತು ಹಾಕಿದ್ದಾರೆಯೇ ಎಂಬುದನ್ನೂ ಗಮನಿಸಿ.

ಒಂದು ಎಚ್ಚರಿಕೆ. ಪರೀಕ್ಷೆ ಹಣ ಕಟ್ಟುವ ಪುಟದಲ್ಲಿ ನಿಲ್ಲಬೇಕು. ತಲುಪಿದ ಮೇಲೆ ಹಣ ಕೊಡುವ ಆಯ್ಕೆ ಇರುವ ಕಡೆ ಒಂದೇ ಒತ್ತಿಗೆ ಆರ್ಡರ್ ನಿಜವಾಗಿಬಿಡುತ್ತದೆ, ಅಡುಗೆಮನೆಯಲ್ಲಿ ಕೆಲಸ ಶುರುವಾಗುತ್ತದೆ, ಹುಡುಗನೊಬ್ಬ ಬೈಕ್ ಹತ್ತುತ್ತಾನೆ. ತಿನ್ನುವ ಉದ್ದೇಶವಿದ್ದರೆ ಮಾತ್ರ ಆ ಬಟನ್ ಒತ್ತಿ.

ವೇಗ

ಗೂಗಲ್‌ನ ಪೇಜ್‌ಸ್ಪೀಡ್ ಇನ್‌ಸೈಟ್ಸ್‌ನಲ್ಲಿ ತಾಣದ ವಿಳಾಸ ಹಾಕಿದರೆ ಮೂರು ಮುಖ್ಯ ಅಳತೆಗಳು ಸಿಗುತ್ತವೆ. ಪುಟದ ಅತಿದೊಡ್ಡ ಭಾಗ ಕಾಣಲು 2.5 ಸೆಕೆಂಡಿಗಿಂತ ಹೆಚ್ಚು ಹಿಡಿಯಬಾರದು. ಒತ್ತಿದ್ದಕ್ಕೆ ಪರದೆ 200 ಮಿಲಿಸೆಕೆಂಡಿನೊಳಗೆ ಸ್ಪಂದಿಸಬೇಕು. ಪುಟ ಅತ್ತಿತ್ತ ಜರುಗುವ ಪ್ರಮಾಣ 0.1 ಮೀರಬಾರದು. ಮೂರನೆಯದನ್ನು ಜನ ಕಡೆಗಣಿಸುತ್ತಾರೆ, ಆದರೆ ಕಿರಿಕಿರಿ ಹೆಚ್ಚು ಅದರಿಂದಲೇ: ಕೋಳಿಯಿಲ್ಲದ ಬರ್ಗರ್ ಒತ್ತಲು ಬೆರಳು ಇಳಿಯುವಷ್ಟರಲ್ಲಿ ಮೇಲಿನಿಂದ ತಡವಾಗಿ ಬಂದ ಜಾಹೀರಾತಿನ ಪಟ್ಟಿ ಎಲ್ಲವನ್ನೂ ಕೆಳಗೆ ತಳ್ಳಿ, ಬೆರಳು ಕೋಳಿಯ ಬರ್ಗರ್ ಮೇಲೆ ಬೀಳುತ್ತದೆ. ಈ ಉಪಕರಣ ತೋರುವ ಅಂಕಿಗಳಲ್ಲಿ ಒಂದು ಭಾಗ ನಿಜವಾದ ಬಳಕೆದಾರರಿಂದ ಬಂದದ್ದು, ಇನ್ನೊಂದು ಭಾಗ ಕೃತಕ ಪರೀಕ್ಷೆಯದು. ವರದಿಯಲ್ಲಿ ಯಾವುದು ಯಾವುದೆಂದು ಬರೆಯಲೇಬೇಕು. ಅಲ್ಲದೆ ಅದು ನಿಮ್ಮ ಬೀದಿಯ ಅಂಕಿಯಲ್ಲ. ಹಾಸನದ ಬಸ್ ನಿಲ್ದಾಣದಲ್ಲಿ ಸಂಜೆಯ ಗದ್ದಲದ ಹೊತ್ತು ಒಮ್ಮೆ, ಮೂಡಿಗೆರೆಯಿಂದ ಚಾರ್ಮಾಡಿಯ ಕಡೆ ಸಿಗ್ನಲ್ ಕ್ಷೀಣವಾಗುವ ಜಾಗದಲ್ಲಿ ಒಮ್ಮೆ ಸ್ಟಾಪ್‌ವಾಚ್ ಹಿಡಿದು ನೋಡಿ. ಸಂಪರ್ಕ ಕಡಿದು ಮತ್ತೆ ಬಂದಾಗ ಕಾರ್ಟ್‌ನಲ್ಲಿದ್ದದ್ದು ಉಳಿದಿದೆಯೇ ಎಂಬುದು ಯಾವ ಉಪಕರಣವೂ ಹೇಳದ, ಆದರೆ ಮಲೆನಾಡಿನಲ್ಲಿ ತೀರ ಮುಖ್ಯವಾದ ಪ್ರಶ್ನೆ.

ಕಣ್ಣು ಮಂಜಾದವರು, ಕನ್ನಡ ಮಾತ್ರ ಓದುವವರು

ಕುರುಡುತನವಿದ್ದ ಗಿಲೆರ್ಮೊ ರೋಬ್ಲೆಸ್ ಎಂಬ ಅಮೆರಿಕದ ಗ್ರಾಹಕರು ಪರದೆ ಓದುವ ತಂತ್ರಾಂಶದಿಂದ ಪಿಜ್ಜಾ ಆರ್ಡರ್ ಮಾಡಲಾಗಲಿಲ್ಲವೆಂದು 2016ರಲ್ಲಿ ಡಾಮಿನೋಸ್ ವಿರುದ್ಧ ದಾವೆ ಹೂಡಿದರು. ಅಂಗವಿಕಲರ ಹಕ್ಕಿನ ಕಾಯ್ದೆ ಕಂಪನಿಯ ಜಾಲತಾಣ ಮತ್ತು ಆ್ಯಪ್‌ಗೂ ಅನ್ವಯಿಸುತ್ತದೆ ಎಂದು ಮೇಲ್ಮನವಿ ನ್ಯಾಯಾಲಯ 2019ರ ಜನವರಿಯಲ್ಲಿ ಹೇಳಿತು; ಅದೇ ವರ್ಷದ ಅಕ್ಟೋಬರ್‌ನಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಕಂಪನಿಯ ಅರ್ಜಿಯನ್ನು ವಿಚಾರಣೆಗೆ ತೆಗೆದುಕೊಳ್ಳಲಿಲ್ಲ. ನಮ್ಮ ಸುಪ್ರೀಂ ಕೋರ್ಟ್ ಕೂಡ 2025ರ ಏಪ್ರಿಲ್ 30ರಂದು, ಗ್ರಾಹಕರ ಗುರುತನ್ನು ಆನ್‌ಲೈನಿನಲ್ಲೇ ಖಚಿತಪಡಿಸುವ ಇ-ಕೆವೈಸಿ ಕುರಿತ ಪ್ರಕರಣದಲ್ಲಿ, ಡಿಜಿಟಲ್ ಸೇವೆಗಳು ಎಲ್ಲರಿಗೂ ಎಟುಕುವುದು ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನ ಭಾಗವೆಂದು ಹೇಳಿದೆ. ಪರೀಕ್ಷೆ ಕಷ್ಟವೇನಲ್ಲ. ಆಂಡ್ರಾಯ್ಡ್‌ನ ಟಾಕ್‌ಬ್ಯಾಕ್ ಎಂಬ ಪರದೆ ಓದುವ ಸೌಲಭ್ಯವನ್ನು ಚಾಲೂ ಮಾಡಿ, ಕಣ್ಣು ಮುಚ್ಚಿ ಕಾರ್ಟ್‌ನವರೆಗೆ ಹೋಗಲು ಯತ್ನಿಸಿ. ತಿನಿಸಿನ ಹೆಸರಿನ ಬದಲು ‘ಬಟನ್, ಬಟನ್’ ಎಂದಷ್ಟೇ ಕೇಳಿಬಂದರೆ ಚಿತ್ರಗಳಿಗೆ ವಿವರಣೆ ಬರೆದಿಲ್ಲವೆಂದು ಅರ್ಥ. ಜಾಲತಾಣಗಳ ಲಭ್ಯತೆಯ ಅಂತರರಾಷ್ಟ್ರೀಯ ಮಾರ್ಗಸೂಚಿ ಸಾಮಾನ್ಯ ಗಾತ್ರದ ಅಕ್ಷರಕ್ಕೂ ಅದರ ಹಿನ್ನೆಲೆಗೂ ಹೊಳಪಿನ ಅಂತರ (ಕಾಂಟ್ರಾಸ್ಟ್) ಕನಿಷ್ಠ 4.5:1 ಇರಬೇಕೆನ್ನುತ್ತದೆ. ಫಾಸ್ಟ್‌ಫುಡ್‌ನವರಿಗೆ ಕೆಂಪು, ಹಳದಿಗಳ ಮೇಲೆ ಪ್ರೀತಿ ಹೆಚ್ಚು. ಹಳದಿಯ ಮೇಲಿನ ಬಿಳಿ ಅಕ್ಷರ ಈ ಪ್ರಮಾಣದ ಹತ್ತಿರಕ್ಕೂ ಸುಳಿಯುವುದಿಲ್ಲ.

ಕನ್ನಡದ ಆಯ್ಕೆ ಇದೆಯೇ ಎಂದು ಹುಡುಕಿ. ಇಲ್ಲದಿದ್ದರೆ ಬ್ರೌಸರ್‌ನ ಅನುವಾದ ಸೌಲಭ್ಯ ಬಳಸಿ, ಉದ್ದವಾದ ಕನ್ನಡ ಪದಗಳು ಬಂದಾಗ ಬಟನ್‌ಗಳು ಹಿಗ್ಗುತ್ತವೆಯೇ ಅಥವಾ ಒತ್ತಕ್ಷರಗಳು ಕತ್ತರಿಸಿಹೋಗುತ್ತವೆಯೇ ಎಂದು ನೋಡಿ. ಇಂಗ್ಲಿಷಿನ ಸಾಲಿಗೆ ಅಳೆದು ಇಟ್ಟ ಎತ್ತರ ನಮ್ಮ ಒತ್ತುಗಳಿಗೆ ಸಾಲದೇ ಹೋಗುವುದುಂಟು.

ಜನರನ್ನು ಕೂರಿಸಿ ನೋಡುವುದು

ಬಳಕೆಯ ಸಮಸ್ಯೆಗಳನ್ನು ಪತ್ತೆಹಚ್ಚಲು ಐವರು ಬಳಕೆದಾರರು ಬಹುಮಟ್ಟಿಗೆ ಸಾಕು ಎಂಬ, ಬಳಕೆಯೋಗ್ಯತೆಯ ತಜ್ಞ ಜೇಕಬ್ ನೀಲ್ಸನ್ ಅವರ ಸಲಹೆ ಈ ಕ್ಷೇತ್ರದಲ್ಲಿ ಪ್ರಸಿದ್ಧ. ಆದರೆ ಐವರ ಸಮಯವನ್ನು ಸರಾಸರಿ ಮಾಡಿ ‘ಈ ತಾಣ ಶೇಕಡಾ ಇಷ್ಟು ವೇಗ’ ಎಂದು ಘೋಷಿಸುವುದಕ್ಕೆ ಐವರು ಸಾಲರು. ಆ ಸಲಹೆ ದೋಷ ಹುಡುಕುವುದಕ್ಕೆ, ಅಂಕಿಅಂಶಕ್ಕಲ್ಲ. ಸಹಪಾಠಿಗಳನ್ನೇ ಐವರಾಗಿ ಕೂರಿಸಬೇಡಿ. ಪಿ.ಜಿ.ಯಲ್ಲಿರುವ ವಿದ್ಯಾರ್ಥಿನಿ, ಅತಿಥಿಗಳಿಗಾಗಿ ಊಟ ತರಿಸುವ ಹೋಂಸ್ಟೇ ಮಾಲೀಕರು, ಮೊಮ್ಮಗನ ಹುಟ್ಟುಹಬ್ಬಕ್ಕೆ ಪಿಜ್ಜಾ ತರಿಸಬೇಕಾದ ಅಜ್ಜಿ, ಇಂಗ್ಲಿಷ್ ನಿಧಾನವಾಗಿ ಓದುವ ಅಂಗಡಿಯವರು, ಇಂಥವರು ಬೇಕು. ಎಲ್ಲರೂ ಒಂದೇ ತಾಣದಿಂದ ಆರಂಭಿಸಿದರೆ ಮೊದಲನೆಯದರಲ್ಲಿ ಕಲಿತದ್ದು ಎರಡನೆಯದಕ್ಕೆ ಅನುಕೂಲವಾಗುತ್ತದೆ. ಪ್ರತಿಯೊಬ್ಬರಿಗೂ ತಾಣಗಳ ಸರದಿಯನ್ನು ಬದಲಿಸಿ.

ಆರಂಭದಲ್ಲೇ ಸಂಕೋಚ ಬಿಡಿಸಬೇಕು. ‘ಅಜ್ಜಿ, ನಾವು ನೋಡ್ತಿರೋದು ಈ ಜಾಲತಾಣ ಹೇಗಿದೆ ಅಂತ, ನಿಮ್ಮನ್ನಲ್ಲ, ಏನು ಅನ್ನಿಸುತ್ತೋ ಅದನ್ನೆಲ್ಲ ಬಾಯಿಬಿಟ್ಟು ಹೇಳ್ತಾ ಹೋಗಿ’ ಎಂದು ಹೇಳಿ, ಆಮೇಲೆ ಸುಮ್ಮನಿರಿ. ಅವರು ತಡವರಿಸುವಾಗ ಬೆರಳು ತೋರಿಸುವ ಚಪಲವನ್ನು ತಡೆದುಕೊಳ್ಳುವುದೇ ಈ ಹಂತದ ಕಷ್ಟ. ಮುಗಿದ ಮೇಲೆ ಜಾನ್ ಬ್ರೂಕ್ 1986ರಲ್ಲಿ ರೂಪಿಸಿದ ಹತ್ತು ಹೇಳಿಕೆಗಳ ಬಳಕೆಯೋಗ್ಯತಾ ಪಟ್ಟಿಯನ್ನು (ಸಿಸ್ಟಮ್ ಯೂಸಬಿಲಿಟಿ ಸ್ಕೇಲ್) ಕನ್ನಡದಲ್ಲಿ ಓದಿ ಹೇಳಿ 1ರಿಂದ 5ರೊಳಗೆ ಅಂಕ ಪಡೆಯಬಹುದು. ಬೆಸಸಂಖ್ಯೆಯ ಹೇಳಿಕೆಗಳ ಅಂಕದಿಂದ 1 ಕಳೆಯಿರಿ, ಸಮಸಂಖ್ಯೆಯವನ್ನು 5ರಿಂದ ಕಳೆಯಿರಿ, ಎಲ್ಲವನ್ನೂ ಕೂಡಿಸಿ 2.5ರಿಂದ ಗುಣಿಸಿ. ಬರುವ ಸಂಖ್ಯೆ 100ರೊಳಗಿದ್ದರೂ ಅದು ಶೇಕಡಾವಾರು ಅಲ್ಲ. 68ರ ಆಸುಪಾಸನ್ನು ಸರಾಸರಿ ಎಂದು ಪರಿಗಣಿಸುತ್ತಾರೆ.

ವರದಿ ಬರೆಯುವುದು

ಕಂಡ ದೋಷಗಳಿಗೆ ತೀವ್ರತೆಯ ಅಂಕ ಕೊಡಿ. ನೀಲ್ಸನ್ ಅವರ ಕ್ರಮದಲ್ಲಿ 0 ಎಂದರೆ ದೋಷವೇ ಅಲ್ಲ, 4 ಎಂದರೆ ಸರಿಪಡಿಸದೆ ತಾಣವನ್ನು ಜನರ ಮುಂದಿಡಬಾರದಷ್ಟು ಗಂಭೀರ. ಅಲರ್ಜಿಯ ಮಾಹಿತಿ ಸಿಗದಿರುವುದು ಮತ್ತು ಬಟನ್ನಿನ ಬಣ್ಣ ಮಂಕಾಗಿರುವುದು ಎರಡಕ್ಕೂ ಒಂದೊಂದು ಅಂಕ ಕಳೆದು ಕೊನೆಗೆ ಎಲ್ಲವನ್ನೂ ಕೂಡಿಸಿ ‘ವಿಜೇತ’ರನ್ನು ಘೋಷಿಸುವ ಪದ್ಧತಿ ನನಗೆ ಒಪ್ಪಿಗೆಯಿಲ್ಲ. ಕೆಲಸವಾರು ಬರೆಯಿರಿ: ವಿಳಾಸದಲ್ಲಿ ಯಾರು ಮುಂದು, ಬೆಲೆಯ ಪಾರದರ್ಶಕತೆಯಲ್ಲಿ ಯಾರು, ದೂರಿನ ನಂಬರ್ ಕೊಡುವುದರಲ್ಲಿ ಯಾರು. ಒಂದೊಂದರಲ್ಲಿ ಒಬ್ಬೊಬ್ಬರು ಮುಂದಿದ್ದರೆ ಹಾಗೆಯೇ ಬಿಡಿ. ಊರಿನ ಬೇಕರಿಯವರೋ ಹೋಟೆಲಿನವರೋ ತಮ್ಮದೇ ತಾಣ ಮಾಡಿಸಿಕೊಳ್ಳುವ ಯೋಚನೆಯಲ್ಲಿದ್ದರೆ ಅವರಿಗೆ ಪ್ರಯೋಜನವಾಗುವುದು ಇಂಥ ಬಿಡಿಬಿಡಿ ತೀರ್ಮಾನಗಳೇ. ದೊಡ್ಡ ಸರಣಿಯ ತಾಣದಿಂದ ಅವರು ವಿಳಾಸದ ಪುಟವನ್ನು ಕಲಿತು ಓಡುವ ಗಡಿಯಾರವನ್ನು ಬಿಡಬಹುದು.

ಪ್ರತಿ ಹೇಳಿಕೆಗೂ ಸ್ಕ್ರೀನ್‌ಶಾಟ್, ದಿನಾಂಕ, ಪಿನ್‌ಕೋಡ್, ಫೋನಿನ ಮಾದರಿ ಇರಬೇಕು. ಇಂಟರ್ನೆಟ್ ಆರ್ಕೈವ್‌ನ ವೇಬ್ಯಾಕ್ ಮಷೀನ್‌ನಲ್ಲಿ ಮುಖ್ಯ ಪುಟಗಳನ್ನು ಉಳಿಸಿಟ್ಟರೆ ನೀವು ಕಂಡದ್ದನ್ನು ಪರೀಕ್ಷಕರೂ ಕಾಣಬಹುದು, ಆದರೆ ಲಾಗಿನ್ ಆದ ಮೇಲಿನ ಪುಟಗಳು ಅಲ್ಲಿ ಉಳಿಯುವುದಿಲ್ಲ. ಸ್ಕ್ರೀನ್‌ಶಾಟ್‌ಗಳಲ್ಲಿ ಕಾಣುವ ನಿಮ್ಮ ಫೋನ್ ನಂಬರ್, ಮನೆಯ ವಿಳಾಸ, ಬಳಕೆದಾರರ ಹೆಸರುಗಳನ್ನು ಅಳಿಸಿ. ಸಲ್ಲಿಸುವ ಹಿಂದಿನ ದಿನ ಎಲ್ಲ ತಾಣಗಳನ್ನೂ ಇನ್ನೊಮ್ಮೆ ತೆರೆದು ನೋಡಿ. ಪುಟ ಬದಲಾಗಿದ್ದರೆ ಹಳೆಯ ತೀರ್ಮಾನವನ್ನು ಅಳಿಸದೆ, ಅದರ ಪಕ್ಕದಲ್ಲೇ ಹೊಸ ದಿನಾಂಕ ಹಾಕಿ ಏನು ಬದಲಾಯಿತೆಂದು ಒಂದು ಸಾಲು ಬರೆಯಿರಿ.